ಮಣ್ಣಿನ ಗೋಡೆಯೂ ‘ಕಚ್ಚಾ’ ಎಂಬ ಹೆಸರೂ

ಮನೆಗಳನ್ನು ಎಣಿಸುವುದಕ್ಕೆಂದು ಸರ್ಕಾರದವರು ಕಳುಹಿಸಿದ ಗಣಕನು ಬಾಗಿಲಿಗೆ ಬಂದು ನಿಂತಾಗ ಕೇಳತಕ್ಕ ಮೊದಮೊದಲ ಪ್ರಶ್ನೆಗಳಲ್ಲಿ ಗೋಡೆ ಯಾವುದರಿಂದಾದುದು, ಚಾವಣಿ ಯಾವುದರಿಂದಾದುದು ಎಂಬ ಎರಡೂ ಸೇರಿರುತ್ತವೆ. ಮನೆಯಾಕೆ ‘ಮಣ್ಣು’ ಎನ್ನುತ್ತಾಳೆ. ಆತನು ಒಂದು ಅಂಕಿಯನ್ನು ಗುರುತು ಮಾಡಿಕೊಂಡು ಮುಂದಿನ ಮನೆಗೆ ನಡೆಯುತ್ತಾನೆ. ಆ ಒಂದು ಕ್ಷಣದಲ್ಲಿ ಆ ಮನೆಗೆ ಆದುದೇನೆಂಬುದನ್ನು ಆಕೆಯೂ ಅರಿಯಳು, ಆತನೂ ಅರಿಯನು. ಜನಗಣತಿಯ ವಿಂಗಡಣೆಯಲ್ಲಿ ಮಣ್ಣು, ಸುಡದ ಇಟ್ಟಿಗೆ, ಹುಲ್ಲು, ಎಲೆ, ಬಿದಿರು ಇವೆಲ್ಲವೂ ಪ್ಲಾಸ್ಟಿಕ್ ಹಾಳೆಯೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ‘ತಾತ್ಕಾಲಿಕ’ವೆನ್ನಿಸಿಕೊಳ್ಳುತ್ತವೆ. ಕಬ್ಬಿಣದ ತಗಡೂ ಆಸ್ಬೆಸ್ಟಾಸ್ ಎಂಬ ಕಲ್ನಾರಿನ ಹಾಳೆಯೂ ಸುಟ್ಟ ಇಟ್ಟಿಗೆ, ಕಾಂಕ್ರೀಟುಗಳ ಪಂಕ್ತಿಯನ್ನು ಸೇರಿ ‘ಶಾಶ್ವತ’ವೆನ್ನಿಸಿಕೊಳ್ಳುತ್ತವೆ. ಶ್ವಾಸಕೋಶಕ್ಕೆ ಅರ್ಬುದವನ್ನು ತರುವುದೆಂದು ಅನೇಕ ದೇಶಗಳು ನಿಷೇಧಿಸಿರುವ ಕಲ್ನಾರಿಗೆ ಮೇಲಿನ ಪೀಠ; ಅಜ್ಜನ ಕಾಲದಿಂದ ನಿಂತಿರುವ ಎರಡು ಗೇಣು ದಪ್ಪದ ಗೋಡೆಗೆ ಸಂತೆಯ ಜೋಪಡಿಯ ಪಕ್ಕದಲ್ಲಿ ಜಾಗ.

ಕಚೇರಿಯ ಭಾಷೆಯಲ್ಲಿ ಈ ಕೆಳಗಿನ ಪಂಕ್ತಿಗೆ ‘ಕಚ್ಚಾ’ ಎಂದು ಹೆಸರು, ಮೇಲಿನದಕ್ಕೆ ‘ಪಕ್ಕಾ’. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕಚ್ಚಾ ಗೋಡೆ, ಕಚ್ಚಾ ಚಾವಣಿಗಳುಳ್ಳ ಒಂದೇ ಕೋಣೆಯ ಮನೆಯನ್ನು ಬಡತನದ ಒಂದು ಗುರುತಾಗಿ ಇಟ್ಟುಕೊಂಡರು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಆ ಪಟ್ಟಿಯನ್ನೇ ಆಧಾರವಾಗಿ ಹಿಡಿದು ಪಕ್ಕಾ ಮನೆಗೆ ಹಣ ಕೊಡಹೊರಟಿತು. ನಿರ್ಗತಿಕರಿಗೆ ಮನೆ ಕೊಡುವುದನ್ನು ಯಾವ ವಿವೇಕಿಯೂ ಆಕ್ಷೇಪಿಸಲಾರನು. ಬಡವರು ಯಾರೆಂದು ಕಂಡುಕೊಳ್ಳುವುದಕ್ಕೆ ಒಂದು ಗುರುತು ಬೇಕಾಗಿತ್ತು. ಮಣ್ಣಿನ ಗೋಡೆಯನ್ನು ಗುರುತಾಗಿ ಹಿಡಿದರು. ಅಷ್ಟಕ್ಕೇ ನಿಂತಿದ್ದರೆ ದೋಷವಿರಲಿಲ್ಲ. ಆದರೆ ಲಕ್ಷಣವನ್ನೇ ರೋಗವೆಂದು ಭಾವಿಸಿ ಲಕ್ಷಣಕ್ಕೆ ಚಿಕಿತ್ಸೆ ಮಾಡತೊಡಗಿದ ವೈದ್ಯನಂತೆ, ದಾರಿದ್ರ್ಯವನ್ನು ಕಳೆಯಹೊರಟವರು ಮಣ್ಣನ್ನು ಕಳೆಯತೊಡಗಿದರು. ಸರ್ಕಾರಗಳು ಬದಲಾದರೂ ಆಗಾಗ ಕೇಳಿಬರುವ ‘ಗುಡಿಸಲುಮುಕ್ತ ಕರ್ಣಾಟಕ’ವೆಂಬ ಘೋಷವಿದೆಯಷ್ಟೆ, ‘ಪೋಲಿಯೋಮುಕ್ತ’ವೆಂಬ ಮಾತಿನ ಅಚ್ಚಿನಲ್ಲೇ ಅದನ್ನು ಎರಕ ಹೊಯ್ದಿದೆ. ಮುಕ್ತವಾಗಬೇಕಾದುದು ಗುಡಿಸಲಿನಿಂದಲೋ, ಗುಡಿಸಲಿನಲ್ಲಿರುವವನ ಸಾಲ, ಹಸಿವು, ಒಕ್ಕಲೇಳುವ ಭಯಗಳಿಂದಲೋ ಎಂಬುದನ್ನು ಆ ಸಮಾಸವು ಹೇಳುವುದಿಲ್ಲ.

ಶಬ್ದದ ಜಾಡನ್ನೇ ಹಿಡಿದು ನೋಡಬಹುದು. ಪಕ್ಕಾ ಎಂಬುದು ಸಂಸ್ಕೃತದ ‘ಪಕ್ವ’ ಶಬ್ದದ ತದ್ಭವ. ಬೆಂದದ್ದು, ಸುಟ್ಟದ್ದು ಎಂದರ್ಥ. ಅದರ ಎದುರುಪದ ‘ಆಮ’, ಹಸಿಯಾದದ್ದು, ಬೇಯದ್ದು. ಇಟ್ಟಿಗೆಗೆ ಬೆಂಕಿ ಮುಟ್ಟಿದೆಯೋ ಇಲ್ಲವೋ ಎಂಬ ವಸ್ತುಸ್ಥಿತಿಯನ್ನು ಹೇಳುವುದಕ್ಕೆ ಹುಟ್ಟಿದ ಜೋಡಿಶಬ್ದವಿದು. ಹೆಚ್ಚು ಕಡಮೆಯ ಮಾತು ಅದರಲ್ಲಿಲ್ಲ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಕಳ್ಳನು ಚಾರುದತ್ತನ ಮನೆಗೆ ಕನ್ನವಿಕ್ಕುವ ಮೊದಲು ಗೋಡೆಯ ಮುಂದೆ ನಿಂತು ಶಾಸ್ತ್ರವಿಚಾರ ಮಾಡುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು, ಮಣ್ಣಿನ ಮುದ್ದೆಯ ಗೋಡೆಯಾದರೆ ನೀರೆರೆದು ನೆನೆಸಬೇಕು, ಮರದ್ದಾದರೆ ಸೀಳಬೇಕು ಎಂದು ನಾಲ್ಕು ಬಗೆಯ ಗೋಡೆಗೆ ನಾಲ್ಕು ಉಪಾಯಗಳನ್ನು ವಿಂಗಡಿಸುತ್ತಾನೆ. ಒಂದೊಂದು ಗೋಡೆಗೂ ಅದರದರ ಬಲವುಂಟು, ಅದರದರ ಮರ್ಮವುಂಟು ಎಂಬುದು ಆ ಕಳ್ಳನಿಗೆ ಗೊತ್ತಿತ್ತು. ಮುದ್ದೆಮಣ್ಣಿನ ಶತ್ರು ನೀರು ಎಂಬ ಸತ್ಯವನ್ನೂ ಆತನು ಮರೆಯಲಿಲ್ಲ. ಇಂದಿನ ಪಟ್ಟಿಯಾದರೋ ಮುದ್ದೆಗೋಡೆಯನ್ನೂ ಹಸಿಯಿಟ್ಟಿಗೆಯನ್ನೂ ಬಿದಿರುತಟ್ಟಿಯನ್ನೂ ಕೂಡಿಸಿ ಒಂದೇ ಗಂಟು ಕಟ್ಟುತ್ತದೆ. ಕಳ್ಳನ ಮಟ್ಟಿಗಾದರೂ ಗೋಡೆಯನ್ನು ಕಂಡು ಬರೆಯಬಾರದೆ?

ಆದಿಕವಿಯೂ ಈ ವಿಷಯದಲ್ಲಿ ಉದಾಸೀನನಲ್ಲ. ಪಂಚವಟಿಯಲ್ಲಿ ಲಕ್ಷ್ಮಣನು ಕಟ್ಟಿದ ಪರ್ಣಶಾಲೆಯ ವರ್ಣನೆಯನ್ನು ಅರಣ್ಯಕಾಂಡದಲ್ಲಿ ನೋಡಬಹುದು. ಒತ್ತಿ ಕಟ್ಟಿದ ಮಣ್ಣಿನ ಗೋಡೆ, ಒಳ್ಳೆಯ ಕಂಬಗಳು, ಉದ್ದವಾದ ಬಿದಿರುಗಳು, ಮೇಲೆ ಶಮಿಯ ಕೊಂಬೆಗಳನ್ನು ಹಾಸಿ ಬಿಗಿದ ಕಟ್ಟುಗಳು, ಅದರ ಮೇಲೆ ದರ್ಭೆ, ಕಾಶ, ಶರಗಳ ಹೊದಿಕೆ. ಮಹಾಕಾವ್ಯದಲ್ಲಿ ಕಟ್ಟಡದ ಕ್ರಮ ಇಷ್ಟು ಒಪ್ಪವಾಗಿ ಬಂದಿರುವುದು ವಿಶೇಷ. ಅದನ್ನು ಕಂಡು ಶ್ರೀರಾಮನು ತಮ್ಮನನ್ನು ಆಲಿಂಗಿಸಿದನು. ಕೊಡುವುದಕ್ಕೆ ಬೇರೆ ಬಹುಮಾನವಿಲ್ಲವಾಗಿ ಆಲಿಂಗನವನ್ನೇ ಕೊಟ್ಟನು. ಕಾಲಕಾಲಕ್ಕೆ ರಾಮಾಯಣದ ಪಾರಾಯಣವನ್ನು ಮಾಡಿಸುವ ಮನೆಗಳಲ್ಲಿಯೇ ಹಿತ್ತಿಲಿನ ಮಣ್ಣಿನ ಕೊಟ್ಟಿಗೆಯನ್ನು ನೆಂಟರ ಕಣ್ಣಿಗೆ ಬೀಳದಂತೆ ಮರೆಮಾಡುವುದು ಈಚೆಗೆ ಕಾಣಬರುತ್ತಿದೆ.

ಪುರಾಣವಿರಲಿ. ಈ ಜಿಲ್ಲೆಯ ಮಣ್ಣಿನ ಮನೆ ಎಂದರೇನೆಂಬುದನ್ನು ನೋಡೋಣ. ಪಶ್ಚಿಮದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಮಳೆ ವಿಪರೀತ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿಲಿಮೀಟರು ಮೀರುತ್ತದೆ. ಪೂರ್ವಕ್ಕೆ ಶಿವಮೊಗ್ಗ, ಭದ್ರಾವತಿಗಳ ಕಡೆಗೆ ಬಂದಂತೆ ಮಳೆ ಇಳಿಯುತ್ತದೆ, ಬಿಸಿಲು ಏರುತ್ತದೆ. ಇಂಥಾ ಮಳೆಯ ನಾಡಿನಲ್ಲಿ ಮಣ್ಣಿನ ಗೋಡೆ ನಿಂತದ್ದಾದರೂ ಹೇಗೆ? ಮೊದಲು ಜಂಬಿಟ್ಟಿಗೆಯದೋ ಕಾಡುಕಲ್ಲಿನದೋ ಎತ್ತರವಾದ ಪಾಯ. ನೆಲದ ತೇವ ಗೋಡೆಗೇರದಂತೆ ಅದು ತಡೆಯುತ್ತದೆ. ಅದರ ಮೇಲೆ ಕೆಮ್ಮಣ್ಣನ್ನು ನೀರು ಹಾಕಿ ದಿನಗಟ್ಟಲೆ ಕೊಳೆಯಿಸಿ, ಹುಲ್ಲಿನ ತುಂಡುಗಳನ್ನು ಬೆರೆಸಿ, ಎತ್ತಿನಿಂದಲೋ ಆಳಿನಿಂದಲೋ ತುಳಿಸಿ ಹದ ಮಾಡಿ, ಮುದ್ದೆಗಳನ್ನು ವರಸೆಯಾಗಿ ಇಡುತ್ತಾರೆ. ಒಂದು ವರಸೆ ಒಣಗಿದ ಮೇಲೆಯೇ ಮತ್ತೊಂದು ವರಸೆ. ಆತುರಪಟ್ಟವನ ಗೋಡೆ ಹೊಟ್ಟೆಬಿಡುತ್ತದೆ. ಚಾವಣಿಯ ಸೂರು ಗೋಡೆಯನ್ನು ದಾಟಿ ಜಗಲಿಯ ಆಚೆಗೆ ಚಾಚಿರುತ್ತದೆ. ಗಾಳಿಮಳೆ ಬೀಸುವ ಮಗ್ಗುಲಿಗೆ ಆಷಾಢಕ್ಕೆ ಮುಂಚೆಯೇ ಅಡಿಕೆಸೋಗೆಯ ತಟ್ಟಿಯನ್ನು ಕಟ್ಟಿಬಿಡುತ್ತಾರೆ. ಒಳಗೆ ಒಲೆಯ ಹೊಗೆ ಮೇಲೇರಿ ಬಿದಿರಿನ ಗಳುಗಳಿಗೂ ಅಡಿಕೆದಬ್ಬೆಗಳಿಗೂ ಕಪ್ಪಾಗಿ ಮೆತ್ತಿಕೊಂಡು, ಹುಳು ತಿನ್ನದಂತೆ ಕಾಪಾಡುತ್ತದೆ. ನೆಲಕ್ಕೆ ಸಗಣಿಯ ಸಾರಣೆ. ಸೂರು ಎಂಬುದು ಛತ್ರಿ, ಪಾಯವೆಂಬುದು ಪಾದುಕೆ; ಇವೆರಡೂ ಸರಿಯಾಗಿದ್ದರೆ ಮಣ್ಣಿನ ಗೋಡೆಗೆ ಮಳೆಯ ಭಯವಿಲ್ಲ. ಇಂಗ್ಲೆಂಡಿನ ಡೆವನ್ ಸೀಮೆಯ ರೈತರೂ ತಮ್ಮ ಮುದ್ದೆಮಣ್ಣಿನ ಮನೆಗಳ ವಿಷಯದಲ್ಲಿ ಸುಮಾರಾಗಿ ಇದೇ ಮಾತನ್ನು ಹೇಳುವರು. ಅಲ್ಲಿಯೂ ಮಳೆ ಕಡಮೆಯೇನಲ್ಲ, ಅಂಥಾ ಮನೆಗಳು ನೂರಾರು ವರ್ಷಗಳಿಂದ ವಾಸಯೋಗ್ಯವಾಗಿ ನಿಂತಿವೆ.

ಜಂಬಿಟ್ಟಿಗೆಯ ಪ್ರಸ್ತಾಪ ಬಂದಿತಾದುದರಿಂದ ಒಂದು ಮಾತು. ಈ ಕೆಂಗಲ್ಲಿಗೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದವನು 1800–01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿ 1807ರಲ್ಲಿ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ಇಟ್ಟಿಗೆಗೆ ಲ್ಯಾಟಿನಿನಲ್ಲಿರುವ ಶಬ್ದದಿಂದ ಹೆಸರನ್ನು ಕಟ್ಟಿದನು. ಜಗತ್ತಿನ ಭೂಶಾಸ್ತ್ರಜ್ಞರೆಲ್ಲರೂ ಅದನ್ನು ಸ್ವೀಕರಿಸಿದರು. ಕನ್ನಡದ ಹೆಸರಿನಲ್ಲಿಯೇ ‘ಇಟ್ಟಿಗೆ’ ಕುಳಿತಿದೆ. ಅದಕ್ಕೆ ಯಾವ ಮನ್ನಣೆಯೂ ಸಲ್ಲಲಿಲ್ಲ.

ಮಣ್ಣಿನ ಗೋಡೆಯೆಂದರೆ ಬರಿಯ ಆಸರೆಯಲ್ಲ, ಅದು ಬರೆಯುವ ಹಲಗೆಯೂ ಹೌದು. ಸಾಗರ, ಸೊರಬಗಳ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುವ ಹಸೆಚಿತ್ತಾರವನ್ನು ವಾಚಕರು ಕಂಡಿರಬಹುದು. ಬಿಳುಪಿಗೆ ಅಕ್ಕಿಹಿಟ್ಟು, ಕಪ್ಪಿಗೆ ಕರಿಕಾಗಿ ಹುರಿದ ಅಕ್ಕಿ, ಹಳದಿಗೆ ಗುರಿಗೆಯ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಮದುವೆಗೆ ಹಸೆಗೋಡೆ, ಭೂಮಿಹುಣ್ಣಿಮೆಗೆ ಚಿತ್ತಾರದ ಬುಟ್ಟಿ. ಆಫ್ರಿಕಾ ಖಂಡದ ಪಶ್ಚಿಮಭಾಗದಲ್ಲಿ ಬುರ್ಕಿನಾ ಫಾಸೋ ಎಂಬ ದೇಶವಿದೆ. ಅಲ್ಲಿಯ ತಿಯೆಬೆಲೆ ಎಂಬಲ್ಲಿ ಕಸೇನ ಜನಾಂಗದ ಗಂಡಸರು ಮಣ್ಣಿನಿಂದ ಮನೆಗಳನ್ನು ಕಟ್ಟುವರು, ಹೆಂಗಸರು ಗೋಡೆಗಳ ಮೇಲೆ ಕೆಂಪು, ಕಪ್ಪು, ಬಿಳುಪುಗಳಲ್ಲಿ ರೇಖಾಚಿತ್ರಗಳನ್ನು ಬರೆಯುವರು. ಅವರ ಕೆಂಪು ಬಣ್ಣವೂ ಜಂಬಿಟ್ಟಿಗೆಯ ಜಾತಿಯ ಮಣ್ಣಿನದೇ. ಹದಿನಾರನೆಯ ಶತಮಾನದಿಂದ ನಡೆದುಬಂದ ಆ ಮಣ್ಣಿನ ರಾಜವಾಸವನ್ನು 2024ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವದ ಪಾರಂಪರಿಕ ಸ್ಥಾನಗಳ ಪಟ್ಟಿಗೆ ಸೇರಿಸಿತು. ಐರೋಪ್ಯರು ನೂರು ವರ್ಷಗಳ ಹಿಂದೆ ಆಫ್ರಿಕಾದ ಗುಡಿಸಲನ್ನು ಅನಾಗರಿಕತೆಯ ಚಿಹ್ನೆಯೆಂದು ಪಠ್ಯಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಭಾರತದ ಮಕ್ಕಳೂ ಅದನ್ನೇ ಓದಿ ನಕ್ಕರು. ನಕ್ಕ ಮಕ್ಕಳ ಮನೆಯ ಗೋಡೆಯೂ ಅದೇ ಮಣ್ಣಿನದೆಂಬುದು ಆಗ ಯಾರಿಗೂ ಹೊಳೆದಂತಿಲ್ಲ.

ತಿಯೆಬೆಲೆಯ ಗೋಡೆ ಪಟ್ಟಿಗೇರಿತು. ಹಸೆಚಿತ್ತಾರವೇನಾಯಿತು? ಸಿಮೆಂಟಿನ ಗೋಡೆಯ ಮೇಲೆ ಪೇಟೆಯ ಬಣ್ಣ ಬಳಿದಾದ ಮೇಲೆ ಅದಕ್ಕೆ ನಿಲ್ಲುವ ನೆಲೆ ತಪ್ಪಿತು. ಈಗ ಅದು ಕಾಗದ, ಬಟ್ಟೆಗಳ ಮೇಲೇರಿ, ಚೌಕಟ್ಟು ಹಾಕಿಸಿಕೊಂಡು, ಪಟ್ಟಣದ ಹಜಾರಗಳಲ್ಲಿ ತೂಗುತ್ತದೆ. ಕೊಳ್ಳುವವರನ್ನು ದೂರಬೇಕಾದುದಿಲ್ಲ, ಬರೆಯುವವರಿಗೆ ನಾಲ್ಕು ಕಾಸು ದೊರೆಯುತ್ತದೆ. ಆದರೆ ಚಿತ್ತಾರ ಉಳಿಯಲಿ, ಗೋಡೆ ಹೋಗಲಿ ಎಂಬ ರಸಿಕತೆ ಬೇರನ್ನು ಕಿತ್ತು ಹೂವನ್ನು ಕುಂಡದಲ್ಲಿಟ್ಟಂತೆ.

ಇನ್ನು ಪೂರ್ವಪಕ್ಷ. ಮಣ್ಣಿನ ಮನೆ ಮಳೆಗೆ ಬೀಳುತ್ತದೆ ಎಂಬುದು ಎಲ್ಲರ ಬಾಯಲ್ಲಿಯೂ ಮೊದಲು ಬರುವ ಮಾತು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗೆಯ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು. ಆ ವರ್ಷ ರಾಜ್ಯದಲ್ಲಿ ಸಾವಿರಾರು ಮನೆಗಳು ಕುಸಿದುವು, ಮಣ್ಣಿನವು ಅವುಗಳಲ್ಲಿ ಬಹಳ. ಇದು ಸುಳ್ಳಲ್ಲ, ಮುಚ್ಚಿಡತಕ್ಕದ್ದೂ ಅಲ್ಲ. ನಿಂತ ನೀರಿನಲ್ಲಿ ಮುದ್ದೆಗೋಡೆಯ ಬುಡ ಕರಗುತ್ತದೆ. ಶರ್ವಿಲಕನು ಹೇಳಿದ್ದೂ ಅದನ್ನೇ. ಆದರೆ ಹೊಳೆಯ ಪಾತ್ರದಲ್ಲಿ, ಕೆರೆಯ ಅಂಗಳದಲ್ಲಿ ಬಡವನನ್ನು ಕುಳ್ಳಿರಿಸಿದವರಾರು? ಒಳ್ಳೆಯ ನೆಲವೆಲ್ಲವೂ ಉಳ್ಳವರ ಪಾಲಾದ ಮೇಲೆ ಉಳಿದ ತಗ್ಗಿನಲ್ಲಿ, ಪಾಯ ಹಾಕುವುದಕ್ಕೆ ಕಲ್ಲಿಲ್ಲದೆ, ಸೂರು ಚಾಚುವುದಕ್ಕೆ ಮರವಿಲ್ಲದೆ, ಮೊಳಕಾಲೆತ್ತರದ ನೆಲದ ಮೇಲೆ ಎಬ್ಬಿಸಿದ ಗೋಡೆ ಬಿದ್ದರೆ ದೋಷ ಮಣ್ಣಿನದೆ? ಕೊಡೆಯನ್ನೂ ಚಪ್ಪಲಿಯನ್ನೂ ಕಸಿದುಕೊಂಡು ಒಬ್ಬನನ್ನು ಮಳೆಯಲ್ಲಿ ನಿಲ್ಲಿಸಿ, ನೆಗಡಿಯಾದಾಗ ಅವನ ಮೈಕಟ್ಟನ್ನು ಹಳಿದ ಹಾಗಾಯಿತು. ಹುಲ್ಲಿನ ಚಾವಣಿಗೆ ಬೆಂಕಿಯ ಭಯವುಂಟೆಂಬುದೂ ನಿಜವೇ. ಅದಕ್ಕೆ ಪರಿಹಾರವಾಗಿ ಹಂಚು ಬಹುಕಾಲದಿಂದ ಇದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಲೆನಾಡಿನ ಮಣ್ಣಿನ ಗೋಡೆಗಳು ಆ ಹಂಚನ್ನು ಯಾವ ಜಗಳವೂ ಇಲ್ಲದೆ ತಲೆಯ ಮೇಲೆ ಹೊತ್ತುಕೊಂಡುವು. ಹೊಸದನ್ನು ಒಲ್ಲದ ಹಠ ಮಣ್ಣಿಗಿಲ್ಲ.

ಮತ್ತೊಂದು ಆಕ್ಷೇಪವು ಇದಕ್ಕಿಂತ ಭಾರವಾದದ್ದು. ಅದನ್ನು ಎತ್ತುವವರು ಗಂಡಸರಲ್ಲ. ವರ್ಷವರ್ಷವೂ ಗೋಡೆಗೆ ಮಣ್ಣು ಮೆತ್ತಿ, ವಾರವಾರವೂ ನೆಲ ಸಾರಿಸಿ ಬೆನ್ನು ಮುರಿದುಕೊಂಡವರು ಹೆಂಗಸರು. ಮಣ್ಣಿನ ಮನೆಯ ಸೊಬಗನ್ನು ಹೊಗಳುವ ಗಂಡಸಿನ ಕೈಗೆ ಸಗಣಿ ಮೆತ್ತಿದ್ದು ಅಪರೂಪ. ಈ ಮಾತಿಗೆ ಉತ್ತರವಿಲ್ಲ. ಆಫ್ರಿಕಾದ ಮಾಲಿ ದೇಶದ ಜೆನ್ನೆ ಎಂಬ ಊರಿನಲ್ಲಿ 1907ರಲ್ಲಿ ಈಗಿನ ರೂಪದಲ್ಲಿ ಕಟ್ಟಿದ ದೊಡ್ಡ ಮಣ್ಣಿನ ಮಸೀದಿಯಿದೆ. ಅದಕ್ಕೆ ವರ್ಷಕ್ಕೊಂದಾವರ್ತಿ ಮಣ್ಣು ಮೆತ್ತುವ ದಿನ ಇಡೀ ಊರೇ ಹಬ್ಬ ಮಾಡುತ್ತದೆ, ಗಂಡಸರು ಗೋಡೆಯೇರುತ್ತಾರೆ. ಕೆಲಸವನ್ನು ಹಂಚಿಕೊಂಡರೆ ಹಬ್ಬ, ಒಬ್ಬಳ ಮೇಲೆ ಹೊರಿಸಿದರೆ ಶಿಕ್ಷೆ. ಸಿಮೆಂಟಿನ ಮನೆ ಬೇಕೆಂದು ಹಟ ಹಿಡಿಯುವ ಸೊಸೆಯನ್ನು ಆಧುನಿಕತೆಯ ಮೋಹಕ್ಕೆ ಬಿದ್ದವಳೆಂದು ಜರೆಯುವವರು ಮೊದಲು ಒಂದು ವರ್ಷ ತಾವೇ ನೆಲ ಸಾರಿಸಿ ನೋಡಬೇಕು.

ಬಡವರು ಸಿಮೆಂಟನ್ನು ಬಯಸುವುದಕ್ಕೆ ಇನ್ನೂ ಆಳವಾದ ಕಾರಣವುಂಟು. ಈ ಜಿಲ್ಲೆಯಲ್ಲಿ ಗೇಣಿದಾರನ ಗುಡಿಸಲು ಭೂಮಾಲಿಕನ ನೆಲದ ಮೇಲೆ ನಿಂತಿತ್ತು. ಒಡೆಯನ ಮಾತು ತಪ್ಪಿದರೆ ಗುಡಿಸಲೂ ತಪ್ಪುತ್ತಿತ್ತು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಗೇಣಿದಾರರು ಎದ್ದುನಿಂತದ್ದು ಮೇಲುನೋಟಕ್ಕೆ ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ. ಒಳಗೆ ನೋಡಿದರೆ ಮನುಷ್ಯರೆನ್ನಿಸಿಕೊಳ್ಳುವುದಕ್ಕಾಗಿ. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಉಳುವವನಿಗೆ ನೆಲ ದೊರೆಯಿತು. ಕೇರಳದಲ್ಲಂತೂ ಕೀಳೆಂದು ಎಣಿಸಲ್ಪಟ್ಟ ಜಾತಿಗಳವರು ಮನೆಗೆ ಹಂಚು ಹೊದಿಸಕೂಡದೆಂಬ ಕಟ್ಟಳೆಯೇ ಇತ್ತು. ಹೀಗಿರುವಲ್ಲಿ, ಯಾರೂ ಒದ್ದು ಉರುಳಿಸಲಾರದ ಮನೆ ಬೇಕೆಂದು ಅವರ ಮಕ್ಕಳು ಬಯಸಿದರೆ ಆಶ್ಚರ್ಯವೇನು? ಅವರು ಕೊಳ್ಳುವುದು ಸಿಮೆಂಟನ್ನಲ್ಲ, ಮಾನವನ್ನು. ಗುಡಿಸಲಿನ ಅವಮಾನವು ಹಕ್ಕುಪತ್ರವಿಲ್ಲದ್ದರಿಂದ ಬಂದುದು, ಮಣ್ಣಿನಿಂದ ಬಂದುದಲ್ಲ. ಹಕ್ಕುಪತ್ರವನ್ನು ಕೈಗಿತ್ತು, ಒಳ್ಳೆಯ ಪಾಯವನ್ನೂ ಒಳ್ಳೆಯ ಸೂರನ್ನೂ ಕೊಟ್ಟು, ಆಮೇಲೆ ಗೋಡೆ ಯಾವುದರದು ಬೇಕೆಂದು ಕೇಳಿದವರುಂಟೆ?

ಈ ಮಾತನ್ನು ಪಟ್ಟಣದ ಸುಶಿಕ್ಷಿತರ ಕಡೆಗೂ ತಿರುಗಿಸಬೇಕು. ಮಲೆನಾಡಿನ ದಾರಿಬದಿಯಲ್ಲಿ ಹೋಂಸ್ಟೇ, ರೆಸಾರ್ಟುಗಳೆಂಬ ಹೊಸ ಛತ್ರಗಳೆದ್ದಿವೆ. ಅಲ್ಲಿ ಸೋಗೆಯ ಚಾವಣಿ, ಕೆಮ್ಮಣ್ಣಿನ ಗೋಡೆ, ಬಿದಿರಿನ ತಟ್ಟಿ ಎಲ್ಲವೂ ಉಂಟು. ರಾತ್ರಿಯೊಂದಕ್ಕೆ ಸಾವಿರಗಟ್ಟಲೆ ತೆತ್ತು ಅತಿಥಿಗಳು ತಂಪನ್ನು ಹೊಗಳುತ್ತಾರೆ. ಅದೇ ಸೋಗೆ ಅತಿಥಿಯ ಮೇಲಿದ್ದರೆ ಪ್ರಕೃತಿಪ್ರೇಮ, ಕೂಲಿಯ ಮೇಲಿದ್ದರೆ ದಾರಿದ್ರ್ಯ. ಆ ಚಾವಣಿಯನ್ನು ಹೆಣೆದುಕೊಟ್ಟ ಮುದುಕನೋ, ತಗಡಿನ ಕೆಳಗೆ ಮಲಗಿ ಚೈತ್ರ ವೈಶಾಖಗಳನ್ನು ಕಳೆಯುತ್ತಾನೆ.

ಭದ್ರಾವತಿಯ ಕಥೆಯನ್ನು ಹೇಳದೆ ಈ ವಿಚಾರ ಪೂರ್ತಿಯಾಗದು. ಆ ಊರಿನ ಹಳೆಯ ಹೆಸರು ಬೆಂಕಿಪುರ. 1918ರಲ್ಲಿ ಮೈಸೂರು ಸಂಸ್ಥಾನದವರು ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿ, 1923ರಲ್ಲಿ ಕುಲುಮೆಗೆ ಬೆಂಕಿಯಿಟ್ಟಾಗ ಹಳೆಯ ಹೆಸರಿಗೆ ಹೊಸ ಅರ್ಥ ಬಂದಿತು. ಕಲ್ಲಿದ್ದಲು ಈ ಸೀಮೆಯಲ್ಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದಕ್ಕೆ ಮಲೆನಾಡಿನ ಕಾಡಿನ ಇದ್ದಿಲೇ ಆಧಾರವಾಯಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಅದಕ್ಕೆ ಬಿದಿರು ಬೇಕಾಯಿತು, ಮುಂದೆ ನೀಲಗಿರಿ, ಅಕೇಶಿಯಾ ನೆಡುತೋಪುಗಳಿಗಾಗಿ ಸಾವಿರಾರು ಹೆಕ್ಟೇರು ಅರಣ್ಯದ ನೆಲ ಬೇಕಾಯಿತು. ಸಿಮೆಂಟೂ ಒಂದು ಕಾಲದಲ್ಲಿ ಭದ್ರಾವತಿಯಲ್ಲಿಯೇ ತಯಾರಾಗುತ್ತಿತ್ತು. ಆ ಕಾರ್ಖಾನೆಗಳು ಎಷ್ಟೋ ಸಂಸಾರಗಳಿಗೆ ಅನ್ನವಿಕ್ಕಿದುವು, ಸಂಸ್ಥಾನಕ್ಕೆ ಕೀರ್ತಿಯನ್ನು ತಂದುವು, ಸರ್. ಎಂ. ವಿಶ್ವೇಶ್ವರಯ್ಯನವರ ಶ್ರಮವನ್ನು ಲಘುವಾಗಿ ಕಾಣತಕ್ಕವನು ಕೃತಘ್ನನು. ಕಾಗದದ ಯಂತ್ರಗಳು 2015ರಲ್ಲಿ ನಿಂತಾಗ ಕಾಗದನಗರದ ಬೀದಿಗಳಲ್ಲಿ ಕವಿದ ಮೌನವನ್ನು ಕಂಡವರಿಗೆ ಆ ಅನ್ನದ ಬೆಲೆ ಗೊತ್ತು. ಆದರೂ ಲೆಕ್ಕ ಲೆಕ್ಕವೇ. ಗುಡಿಸಲಿನ ಗಳುವಾಗಬೇಕಾಗಿದ್ದ ಬಿದಿರು ಕಾಗದವಾಯಿತು, ಕಂಬವಾಗಬೇಕಾಗಿದ್ದ ಮರ ಇದ್ದಿಲಾಯಿತು, ಕರಡದ ಹುಲ್ಲು ಬೆಳೆಯುತ್ತಿದ್ದ ಬೇಣದ ಮೇಲೆ ಅಕೇಶಿಯಾ ಬೆಳೆಯಿತು. ತಲೆಹೊರೆ ಬಿದಿರು ತಂದ ಹಳ್ಳಿಗನು ಅರಣ್ಯದ ಕಾವಲುಗಾರನಿಗೆ ಉತ್ತರ ಹೇಳಬೇಕಾಯಿತು. ಗಳುವಿಲ್ಲದೆ, ಕಂಬವಿಲ್ಲದೆ, ಹುಲ್ಲಿಲ್ಲದೆ ಗುಡಿಸಲು ಸೊರಗಿತು. ಸೊರಗಿದ ಮೇಲೆ ನೋಡಿದವರು, ಗುಡಿಸಲೆಂದರೆ ಸೊರಗಿದ್ದೇ ಎಂದುಕೊಂಡರು.

ಅದರ ಜಾಗಕ್ಕೆ ಬಂದುದಾದರೋ ಎಂಥದು? 2016ರ ಯೋಜನೆಯಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ ಗೊತ್ತುಮಾಡಿದ ಸಹಾಯ 1,20,000 ರೂಪಾಯಿ, ಮನೆಯ ಅಳತೆ ಕನಿಷ್ಠ 25 ಚದರ ಮೀಟರು. ಆ ಹಣದಲ್ಲಿ ಸಿಮೆಂಟು, ಕಬ್ಬಿಣ, ಮರಳು, ಗಾರೆಯವನ ಕೂಲಿ ಇವೆಲ್ಲವೂ ತೀರಬೇಕು. ಕೆಲವರು ಸಾಲಮಾಡಿ ಮುಗಿಸುವರು. ಕೆಲವರ ಗೋಡೆ ಬಾಗಿಲ ತಲೆಯೆತ್ತರಕ್ಕೆ ನಿಂತು ಪಾಚಿ ಹಿಡಿಯುವುದು. ಮುಗಿದದ್ದೂ ಸುಖವಲ್ಲ. ಮಣ್ಣಿನ ದಪ್ಪ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಕುಡಿದು, ಒಳಕ್ಕೆ ಅದು ಮುಟ್ಟುವಷ್ಟರಲ್ಲಿ ಸಂಜೆಯನ್ನು ತರುತ್ತದೆ. ಹಂಚಿನ ಸಂದುಗಳು ಬಿಸಿಗಾಳಿಯನ್ನು ಹೊರಕ್ಕೆ ಬಿಡುತ್ತವೆ. ತೆಳ್ಳನೆಯ ಸಿಮೆಂಟುಬ್ಲಾಕಿನ ಮೇಲೆ ಹರವಿದ ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿಯೆಲ್ಲ ಮಲಗಿದವರ ಮೇಲೆ ಕಾವನ್ನು ಇಳಿಸುತ್ತದೆ. ಭದ್ರಾವತಿಯ ಏಪ್ರಿಲಿನಲ್ಲಿ ಇಂಥಾ ಮನೆಯವರು ಹೊರಗೆ ಹಾಸಿಕೊಂಡು ಮಲಗುವುದನ್ನು ಯಾರು ಬೇಕಾದರೂ ನೋಡಬಹುದು. ಹಿಂದೆ ಹಳೆಯ ಮಣ್ಣಿನ ಅಡಿಗೆಮನೆಯನ್ನು ಕೆಡವದೆ ಉಳಿಸಿಕೊಂಡಿದ್ದರೆ ಅಜ್ಜಿ ಮಧ್ಯಾಹ್ನಕ್ಕೆ ಅಲ್ಲಿಗೇ ನಡೆಯುತ್ತಾಳೆ.

ಲೋಕದ ಲೆಕ್ಕವೂ ಇದೆ. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಸುಟ್ಟರೆ ಸಿಮೆಂಟು. ಸುಡುವ ಇಂಧನದ ಹೊಗೆಯಲ್ಲದೆ, ಕಲ್ಲಿನೊಳಗೆ ಅಡಗಿದ್ದ ಇಂಗಾಲಾಮ್ಲವೂ ಹೊರಬಿದ್ದು ಆಕಾಶವನ್ನು ಸೇರುತ್ತದೆ. ಮನುಷ್ಯರು ಹೊರಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ 7ರಿಂದ 8ರಷ್ಟು ಈ ಒಂದು ಉದ್ಯಮದಿಂದಲೇ ಬರುವುದೆಂದು ಗಣಿತವಾಗಿದೆ. ಕಾಂಕ್ರೀಟಿಗೆ ಮರಳು ಬೇಕು; ಅದಕ್ಕಾಗಿ ತುಂಗಭದ್ರೆಯರ ಒಡಲನ್ನು ಬಗೆದದ್ದು ಕೂಡಲಿಯ ಸಂಗಮದಲ್ಲಿ ಮುಳುಗಿ ಪುಣ್ಯ ಸಂಪಾದಿಸುವವರಿಗೆ ತಿಳಿಯದ ವಿಷಯವಲ್ಲ. ಬೃಹತ್ ಸೇತುವೆಗೂ ಅಣೆಕಟ್ಟಿಗೂ ಸಿಮೆಂಟು ಬೇಕೇ ಬೇಕು. ಅಜ್ಜಿ ಮಲಗುವ ಕೋಣೆಗೂ ಅದೇ ಬೇಕೆ?

ಮಣ್ಣನ್ನೇ ನಂಬಿ ಕಟ್ಟುವುದಕ್ಕೆ ಶಾಸ್ತ್ರವಿಲ್ಲವೆಂದು ಯಾರೂ ಹೇಳಕೂಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಎ. ಕೆ. ಎನ್. ರೆಡ್ಡಿಯವರು ಆರಂಭಿಸಿದರು, ಕೆ. ಎಸ್. ಜಗದೀಶ ಮೊದಲಾದ ವಿದ್ವಾಂಸರು ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟನ್ನು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬಳಕೆಗೆ ತಂದರು. ಭಾರತೀಯ ಮಾನಕ ಸಂಸ್ಥೆಯು ಮಣ್ಣಿನ ಇಟ್ಟಿಗೆಗೆ 1725ನೆಯ ಸಂಖ್ಯೆಯ ಮಾನಕವನ್ನು ಗೊತ್ತುಮಾಡಿ, 1982ರಲ್ಲಿಯೂ 2013ರಲ್ಲಿಯೂ ತಿದ್ದಿತು. ಮಣ್ಣಿನ ಮನೆ ಭೂಕಂಪವನ್ನು ತಡೆಯುವಂತೆ ಕಟ್ಟುವುದು ಹೇಗೆಂದು 1993ರಲ್ಲಿ 13827ನೆಯ ಮಾನಕವನ್ನು ಪ್ರಕಟಿಸಿತು. ಆವಾಸ ಯೋಜನೆಯ ಇಲಾಖೆಯವರೇ ನಾಡಿನ ಹಲವು ಸೀಮೆಗಳ ದೇಶೀಯ ಮನೆಗಳ ನಕ್ಷೆಗಳನ್ನು ಕೂಡಿಸಿ ‘ಪಹಲ್’ ಎಂಬ ಸಂಪುಟವನ್ನು ಹೊರತಂದಿದ್ದಾರೆ. ಒಂದು ಕೋಣೆಯಲ್ಲಿ ಕುಳಿತವರು ಮಣ್ಣಿನಲ್ಲಿ ಕಟ್ಟುವ ಕ್ರಮವನ್ನು ಬರೆಯುತ್ತಾರೆ. ಪಕ್ಕದ ಕೋಣೆಯಲ್ಲಿ ಕುಳಿತವರು ಮಣ್ಣಿನದೆಲ್ಲ ತಾತ್ಕಾಲಿಕವೆಂದು ಬರೆಯುತ್ತಾರೆ. ಎರಡು ಕೋಣೆಗಳ ನಡುವೆ ಬಹುಶಃ ಒಳ್ಳೆಯ ಕಾಂಕ್ರೀಟಿನ ಗೋಡೆಯಿದೆ.

ಬುರ್ಕಿನಾ ಫಾಸೋ ದೇಶದ ಗಾಂಡೋ ಎಂಬ ಹಳ್ಳಿಯಲ್ಲಿ 1965ರಲ್ಲಿ ಹುಟ್ಟಿದ ಫ್ರಾನ್ಸಿಸ್ ಕೇರೆ ಎಂಬವನು ಬಡಗಿಯ ಕೆಲಸ ಕಲಿತು, ಬರ್ಲಿನ್ನಿಗೆ ಹೋಗಿ ವಾಸ್ತುವಿದ್ಯೆಯನ್ನು ಓದಿ, ತನ್ನ ಹಳ್ಳಿಗೇ ಒಂದು ಶಾಲೆಯನ್ನು ಕಟ್ಟಬೇಕೆಂದು ಹಣ ಕೂಡಿಸಿದನು. ಮಣ್ಣಿನಲ್ಲಿ ಕಟ್ಟುವೆನೆಂದಾಗ ಹಳ್ಳಿಯವರು ಒಪ್ಪಲಿಲ್ಲ. ಮಣ್ಣು ಮಳೆಗೆ ಕರಗುವುದನ್ನು ಅವರು ಹುಟ್ಟಿದಂದಿನಿಂದ ಕಂಡವರು. ಆತನು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯನ್ನು ಮಾಡಿ ತೋರಿಸಿ, ಅವರ ಕೈಯಿಂದಲೇ ಮಾಡಿಸಿ, ಮೇಲೆ ತಗಡಿನ ಚಾವಣಿಯನ್ನು ಗೋಡೆಯಿಂದಾಚೆಗೆ ಚಾಚಿ, ಚಾವಣಿಗೂ ಒಳಮಾಳಿಗೆಗೂ ನಡುವೆ ಗಾಳಿಯಾಡುವಂತೆ ಬಿಟ್ಟು, 2001ರಲ್ಲಿ ಶಾಲೆಯನ್ನು ಮುಗಿಸಿದನು. ಅದಕ್ಕೆ 2004ರಲ್ಲಿ ಆಗಾ ಖಾನ್ ಬಹುಮಾನ ಬಂದಿತು. 2022ರಲ್ಲಿ ವಾಸ್ತುಶಿಲ್ಪಿಗಳಿಗೆ ದೊರೆಯುವ ಪ್ರಿಟ್ಸ್‌ಕರ್ ಎಂಬ ಶ್ರೇಷ್ಠ ಪುರಸ್ಕಾರವು ಆತನಿಗೆ, ಆಫ್ರಿಕಾದವರಲ್ಲಿ ಮೊದಲಿಗನಾಗಿ, ಸಂದಿತು. ಗಾಂಡೋದ ಶಾಲೆಯನ್ನು ಶಿವಮೊಗ್ಗೆಯ ಹೊರವಲಯಕ್ಕೆ ತಂದಿಟ್ಟರೆ ಗಣಕನು ಅದರ ಗೋಡೆಗೆ ಯಾವ ಅಂಕಿಯನ್ನು ಬರೆಯುವನೋ ವಿಚಾರಿಸಬೇಕು.

ಕೇಳತಕ್ಕದ್ದು ದೊಡ್ಡದೇನೂ ಅಲ್ಲ. ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನಿಂದ ಮಣ್ಣನ್ನು ಬೇರೆ ಮಾಡಲಿ. ಪಾಯವೆಷ್ಟು, ಸೂರೆಷ್ಟು, ಗೋಡೆಯ ದಪ್ಪವೆಷ್ಟು ಎಂದು ಕೇಳಲಿ; ಅದು ಯಾವ ಗಣಕನೂ ಗೇಣುಹಾಕಿ ಅಳೆಯಬಹುದಾದ ಸಂಗತಿ. ಹಣ ಪಡೆಯುವವನು ಮಣ್ಣಿನಲ್ಲಿ ಕಟ್ಟುತ್ತೇನೆಂದರೆ ಕಂತು ತಡೆಯದಿರಲಿ, ಸಿಮೆಂಟಿನಲ್ಲಿ ಕಟ್ಟುತ್ತೇನೆಂದರೆ ಅದನ್ನೂ ತಡೆಯದಿರಲಿ. ಮುದ್ದೆಗೋಡೆಯ ಹದವನ್ನು ಬಲ್ಲ ಕೈಗಳು ಹಳ್ಳಿಹಳ್ಳಿಯಲ್ಲೂ ಒಂದೆರಡು ಮಾತ್ರ ಉಳಿದಿವೆ, ಅವೂ ನಡುಗತೊಡಗಿವೆ. ಅವರ ಬಳಿ ಎಳೆಯರನ್ನು ಕೂಲಿಕೊಟ್ಟು ಕಲಿಯಲು ಕಳುಹಿಸಲಿ. ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಹೆಸರಿನಿಂದ ಪ್ರಸಿದ್ಧವಾದ ಅರಮನೆಯ ಮರದ ಕಂಬಗಳನ್ನು ಟಿಕೆಟ್ಟು ಕೊಂಡು ನೋಡಿ ತಲೆದೂಗುವ ಸಂಸಾರಗಳು ತಮ್ಮ ಊರಿನ ಹಳೆಯ ಮನೆಯನ್ನು ಕೆಡವುವುದಕ್ಕೆ ಮುಂಚೆ ಆ ಮುದುಕರಲ್ಲಿ ಒಬ್ಬನನ್ನು ಕರೆಸಿ ಗೋಡೆ ತೋರಿಸಿದರೆ ನಷ್ಟವಾಗದು.

2025ರಲ್ಲಿ ಪ್ರಕಟವಾದ ಆಜ್ಞೆಯಂತೆ ಮುಂದಿನ ಜನಗಣತಿಗೆ ಗೊತ್ತಾದ ದಿನ 2027ರ ಮಾರ್ಚಿ 1. ಜನರನ್ನು ಎಣಿಸುವ ಮುನ್ನ ಮನೆಗಳ ಪಟ್ಟಿಯಾಗಬೇಕು. ಗಣಕನು ಬಾಗಿಲಿಗೆ ಬರುವನು, ಗೋಡೆ ಯಾವುದರದೆಂದು ಕೇಳುವನು. ಮನೆಯಾಕೆಯ ಬೆನ್ನಿನ ಹಿಂದೆ, ಆ ವರ್ಷದ ಕೆಮ್ಮಣ್ಣು ಇನ್ನೂ ಪೂರ್ತಿ ಒಣಗದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಎಳೆಗಳು ಬಿಳುಪೇರುತ್ತಿರುವುವು.